ಮಜ್ಜಿಗೆ ಮರೆಸಿದ ರಷ್ಯಾ ಸಿನೆಮಾ

ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿ. ಪೂರ್ತಿ ಹಾಕಬೇಡಿ, ಪೂರ್ತಿ ಹಾಕಿದರೆ ಒಳಗೆ ಏನೋ ನಡೀತಿದೆ ಅಂತ ಬೀದಿ ಮಾತಾಡುತ್ತದೆ. ನಾನು ಹೇಳೋದು ನಿಮ್ಮ ಕಿವಿ ದಾಟಬಾರದು. ದಾಟಿತೋ, ನೀವೇ ಕಟ್ಟಿ ಹೇಳಿದಿರಿ ಅಂತ ಕುಲದೇವರ ಮುಂದೆ ಆಣೆ ಇಟ್ಟುಬಿಡ್ತೀನಿ. ನನಗೆ ಅದರಲ್ಲೆಲ್ಲ ಸಂಕೋಚ ಇಲ್ಲ.

ತೇನಿಯ ನಮ್ಮ ಬೀದಿಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಒಂದು ಮನೆಯ ಕೋಳಿ ಇನ್ನೊಂದು ಮನೆಯಲ್ಲಿ ಸಾರಾಗುತ್ತದೆ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳೋದಿಲ್ಲ, ನೋಡಿ ಇಟ್ಟುಕೊಳ್ತೀನಿ ಅಷ್ಟೆ. ಆದರೆ ಎದುರು ಮನೆ ಹುಡುಗಿಯ ಮದುವೆ ಮುರಿಯುವ ಹಂತಕ್ಕೆ ಬಂತಲ್ಲ, ಆ ಪಾಪವನ್ನು ತಂದು ನನ್ನ ತಲೆಗೆ ಕಟ್ಟಿದ್ದಾರೆ. ಮಾಡಿದ್ದು ನಾನಲ್ಲ, ರಷ್ಯಾದವರು. ಅವರು ಮೊದಲಿನ ಹಾಗೆ ಸಿನೆಮಾ ತೆಗೆದುಕೊಂಡು ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ನಗಬೇಡಿ. ಮೊದಲಿಂದ ಕೇಳಿ.

೧. ಪಂಚೆ ಮೇಲಿನ ರಷ್ಯಾ

ಎದುರು ಮನೆಯ ಯಜಮಾನರು ವೇದಸಂದೂರಿನ ನೂಲಿನ ಮಿಲ್ಲಿನಲ್ಲಿ ಇದ್ದವರು, ಯೂನಿಯನ್ ಮುಂದಾಳು. ನನ್ನ ಗಂಡನೂ ಅದೇ ಮಿಲ್ಲು. ಹಾಗಾಗಿ ಅವರು ನನಗೆ ಅಣ್ಣ, ಅವರ ಹೆಂಡತಿ ಅತ್ತಿಗೆ. ಆಯಮ್ಮನೂ ನನ್ನನ್ನು ಅತ್ತಿಗೆ ಅಂತಲೇ ಕರೆಯೋದು. ನಾವೆಲ್ಲ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳದಲ್ಲಿ ಎರಡೂ.

ಆ ಕಾಲದಲ್ಲಿ ನಾವೆಲ್ಲ ಇದ್ದ ಮಿಲ್ಲಿನ ವಠಾರಕ್ಕೆ ಯೂನಿಯನ್‌ನವರ ವ್ಯಾನು ಬರುತ್ತಿತ್ತು. ಎರಡು ಬೇವಿನ ಮರದ ನಡುವೆ ಯಾರದೋ ಒಗೆದ ಪಂಚೆ ಕಟ್ಟಿ ರಷ್ಯಾ ಸಿನೆಮಾ ತೋರಿಸುವರು. ಮಾತು ಯಾರಿಗೆ ತಿಳಿಯಬೇಕು? ಅದಕ್ಕೇ ಒಬ್ಬ ಮೇಷ್ಟ್ರು ಜೊತೆಗೆ ಬಂದು, ಪಂಚೆ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದರು.

ಒಂದು ಸಲ ಮೇಷ್ಟ್ರಿಗೆ ಜ್ವರ. ವ್ಯಾನು ಮಾತ್ರ ಬಂತು. ಪಂಚೆ ಮೇಲೆ ಒಬ್ಬ ಮುದುಕಿ, ಒಂದು ಆಡು, ಒಂದು ರೈಲ್ವೆ ಸ್ಟೇಷನ್ನು. ಮುದುಕಿ ಆಡನ್ನು ರೈಲಿಗೆ ಹತ್ತಿಸುತ್ತಾಳೆ, ಸ್ಟೇಷನ್ ಮಾಸ್ಟರು ಇಳಿಸುತ್ತಾನೆ. ಮತ್ತೆ ಹತ್ತಿಸುತ್ತಾಳೆ, ಮತ್ತೆ ಇಳಿಸುತ್ತಾನೆ. ಮೇಲಿಂದ ಮಂಜು ಬೀಳುತ್ತದೆ. ನಾವು ಹೆಂಗಸರು ಸೆರಗು ಹಿಂಡುವಷ್ಟು ಅತ್ತೆವು. ಅದು ಸತ್ತ ಮಗ ಸಾಕಿದ ಆಡು ಅಂತ ಒಬ್ಬಳು. ಅಲ್ಲ, ಸೊಸೆ ಮನೆಯಿಂದ ಓಡಿಸಿದ್ದಾಳೆ, ಅವಳಿಗೆ ಉಳಿದಿರೋದು ಅದೊಂದೇ ಅಂತ ಇನ್ನೊಬ್ಬಳು. ಸಿನೆಮಾ ಮುಗಿದ ಮೇಲೆ ಅಣ್ಣ ಎದ್ದು ನಿಂತು, ಸ್ಟೇಷನ್ ಮಾಸ್ಟರ್ ಅಂದರೆ ಮಿಲ್ಲಿನ ಮಾಲೀಕ, ಆಡು ಅಂದರೆ ನಮ್ಮ ಬೋನಸ್ಸು ಅಂತ ಭಾಷಣ ಮಾಡಿದರು. ಜನ ಕೈ ತಟ್ಟಿದರು.

ಮುಂದಿನ ಸಲ ಮೇಷ್ಟ್ರು ಬಂದರು. ನಾವು ಅತ್ತದ್ದನ್ನು ಕೇಳಿ ಆ ಮನುಷ್ಯ ಗಾಬರಿಯಾದರು. "ಅದು ನಗೆ ಸಿನೆಮಾ ಕಣಮ್ಮ. ಅಲ್ಲಿ ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ" ಅಂದರು.

ಅಣ್ಣ ಒಂದು ಚೂರೂ ಅಳುಕಲಿಲ್ಲ. ನಮ್ಮ ಕಡೆ ತಿರುಗಿ, "ನೋಡಿದಿರಾ, ನಗೆ ಸಿನೆಮಾದಲ್ಲೇ ಇಷ್ಟು ಅಳಿಸ್ತಾರೆ. ಇನ್ನು ಅಳೋ ಸಿನೆಮಾ ತೆಗೆದ್ರೆ ನಾವು ಉಳೀತೀವಾ?" ಅಂದರು.

೨. ಸೋರುವ ನಲ್ಲಿ

ಈಗಿನ ಕಥೆಗೆ ಬರ್ತೀನಿ. ಅಣ್ಣನ ಮೊಮ್ಮಗಳು ಆ ರಷ್ಯಾದಲ್ಲೇ ಡಾಕ್ಟರಿಗೆ ಓದಿ ಬಂದಳು. ಅವಳ ಜೊತೆಗೆ ಅಲ್ಲೇ ಓದಿದ ಒಬ್ಬ ಹುಡುಗ ಇದ್ದಾನೆ, ದಿಂಡಿಗಲ್‌ನಲ್ಲಿ ಬೀಗದ ವ್ಯಾಪಾರದವರ ಮಗ, ನಮ್ಮವರೇ. ಇಬ್ಬರಿಗೂ ಮನಸ್ಸಿದೆ. ನನಗೆ ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದವಳು ಫೋನಿಗೆ ಅಷ್ಟು ಹೊತ್ತು ನಗುತ್ತಾಳಾ? ಆದರೆ ಅದು ಹಿರಿಯರು ಹುಡುಕಿ ತಂದ ಸಂಬಂಧ ಅಂತಲೇ ಆಗಬೇಕು. ಅದಕ್ಕೆ ಎರಡು ಮನೆಯವರೂ, ಏನೂ ಗೊತ್ತಿಲ್ಲದ ಹಾಗೆ, ಮೊದಲಿಂದ ವಿಚಾರಣೆ ಶುರು ಮಾಡಿದರು. ಹುಡುಗಿಯ ಜೀವ ಅಂಗೈಯಲ್ಲಿ.

ಅಣ್ಣನಿಗೆ ಅದರ ಚಿಂತೆಯೇ ಇಲ್ಲ. ಮೊಮ್ಮಗಳು ಬಂದು ಕಾಲಿಗೆ ಬಿದ್ದರೆ, ಚೆನ್ನಾಗಿ ಓದಿದೆಯಾ, ಊಟ ಸರಿ ಹೋಯಿತಾ ಒಂದೂ ಇಲ್ಲ. "ಈಗ ಅಲ್ಲಿ ಎಂಥ ಸಿನೆಮಾ ತೆಗೀತಾರೆ?" ಅಂತ ಕೇಳಿದರು.

ಅವಳು ಟಿವಿಯಲ್ಲಿ ಒಂದು ಹಾಕಿದಳು. ಅಣ್ಣ ಬೀದಿಯನ್ನೆಲ್ಲ ಕರೆದರು. ಪಕ್ಕದ ಮನೆಯ ಬಾಳೆಕಾಯಿ ಮಂಡಿಯವನ ಹೆಂಡತಿಯೂ ನಾನೂ ಮುಂದೆಯೇ ಕೂತೆವು. ಸಿನೆಮಾದಲ್ಲಿ ಒಬ್ಬ ಗಂಡಸು ಅಡುಗೆಮನೆಯಲ್ಲಿ ಕೂತಿದ್ದಾನೆ. ಹೆಂಡತಿ ಕಿಟಕಿ ಹತ್ತಿರ ನಿಂತಿದ್ದಾಳೆ. ಮನೆ ದೊಡ್ಡದು, ಸೋಫಾ ಇದೆ, ಕಾರಿದೆ. ಮಾತು ಮಾತ್ರ ಇಲ್ಲ. ನಲ್ಲಿ ಸೋರುತ್ತಿದೆ. ಟಪ್, ಟಪ್. ಕೆಳಗೆ ಒಂದು ಪಾತ್ರೆ ಇಡಬಾರದಾ? ಮುಲ್ಲೈ ಹೊಳೆಯ ನೀರು ಬರದ ವಾರದಲ್ಲಿ ನಾವು ತೊಟ್ಟನ್ನೂ ಹಿಡಿಯುವವರು. ನೋಡುತ್ತ ನೋಡುತ್ತ ನನಗೆ ಮೈಯೆಲ್ಲ ಉರಿಯಿತು.

ಮಂಡಿಯವನ ಹೆಂಡತಿ ಗೋಡೆಗೆ ಒರಗಿ ನಿದ್ದೆ ಹೋದಳು. ಚೆನ್ನಾಗಿ ಗೊರಕೆ ಹೊಡೆದು, ಎದ್ದು, ಕಣ್ಣು ಒರೆಸಿಕೊಂಡು ನೋಡಿದರೆ ಅದೇ ಗಂಡಸು, ಅದೇ ಕಿಟಕಿ. "ಇನ್ನೂ ರಿಪೇರಿ ಮಾಡಿಸಿಲ್ವಾ?" ಅಂತ ಕೇಳಿದಳು.

"ತಾತ, ಅದು ಅವರ ಸಂಸಾರ ಸೋರ್ತಿದೆ ಅಂತ ಅರ್ಥ" ಅಂದಳು ಹುಡುಗಿ.

ಅಣ್ಣ ಎದ್ದು ಟಿವಿ ಆರಿಸಿದರು. "ಆ ಕೆಂಪು ಬಾವುಟದ ಸರ್ಕಾರ ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದು ಕಮಿಟಿ ಬಂದು ನಲ್ಲೀನೂ ಸರಿ ಮಾಡ್ತಿತ್ತು, ಗಂಡ ಹೆಂಡ್ತೀನೂ ಸರಿ ಮಾಡ್ತಿತ್ತು" ಅಂದರು.

೩. ಹಾರುವ ಟ್ಯಾಂಕು

ಮನುಷ್ಯನಿಗೆ ಅವಮಾನ ಆಗಿತ್ತು. ಬೀದಿಯನ್ನೇ ಕರೆದು ಸೋರುವ ನಲ್ಲಿ ತೋರಿಸಿದ ಹಾಗಾಯಿತಲ್ಲ. ಇನ್ನೊಂದು ಹಾಕು, ಯುದ್ಧದ್ದು ಹಾಕು ಅಂದರು. ಹಳೇ ಯುದ್ಧದ ಸಿನೆಮಾ ಒಂದನ್ನು ನಾನೂ ಪಂಚೆ ಮೇಲೆ ನೋಡಿದ್ದೆ. ಅದರಲ್ಲಿ ಒಂದು ಗುಂಡೂ ಹಾರಲಿಲ್ಲ. ಒಬ್ಬ ತಾಯಿ ರೊಟ್ಟಿಯನ್ನು ನಾಲ್ಕು ಪಾಲು ಮಾಡಿ, ಬರದೇ ಇದ್ದವನ ಪಾಲನ್ನು ಹಾಗೇ ಮುಚ್ಚಿ ಇಟ್ಟಳು. ಅಷ್ಟೆ. ಅವತ್ತು ನನ್ನ ಗಂಡ ಊಟಕ್ಕೆ ಕೂತು, ತಮ್ಮ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ನನಗೆ ಮುಚ್ಚಿ ಇಟ್ಟರು. ಅದು ಸಿನೆಮಾ.

ಈಗಿನದರಲ್ಲಿ ಟ್ಯಾಂಕು ಹಾರಿತು. ಸತ್ಯವಾಗಿ ಹೇಳ್ತೀನಿ, ನೆಲ ಬಿಟ್ಟು ಹಾರಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಇನ್ನೊಂದು ಟ್ಯಾಂಕಿನ ಮೇಲೆ ಕೂತಿತು. ಗುಂಡು ಬಸವನ ಹುಳುವಿನ ಹಾಗೆ ನಿಧಾನವಾಗಿ ಬರುತ್ತದೆ, ಹೀರೋ ತಲೆ ಬಾಗಿಸಿ ಅದಕ್ಕೆ ದಾರಿ ಬಿಡುತ್ತಾನೆ. ಕಂಪ್ಯೂಟರಲ್ಲಿ ಮಾಡ್ತಾರಂತೆ.

"ಇದನ್ನ ನೋಡೋಕೆ ರಷ್ಯಾ ಯಾಕೆ, ಕಂಬಂ ಟಾಕೀಸ್ ಸಾಕಲ್ಲ. ಅಲ್ಲಾದ್ರೆ ನಡುವೆ ಎರಡು ಹಾಡಾದ್ರೂ ಇರ್ತವೆ" ಅಂದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. ಮೊಮ್ಮಗಳನ್ನು ಕೇಳಿದರು, "ಯಾಕಮ್ಮ ಹೀಗಾಯ್ತು?"

ಅವಳು ಹೇಳಿದಳು. ಆಗ ಸರ್ಕಾರವೇ ದುಡ್ಡು ಹಾಕುತ್ತಿತ್ತಂತೆ. ದೇಶ ಒಡೆದ ಮೇಲೆ ದುಡ್ಡಿಲ್ಲ, ನೋಡುವವರೂ ಇಲ್ಲ. ಟಾಕೀಸುಗಳನ್ನು ಸೋಫಾ ಮಾರುವ ಅಂಗಡಿ ಮಾಡಿಬಿಟ್ಟರಂತೆ. ಆಮೇಲೆ ದುಡ್ಡು ಬಂತು, ಬಂದದ್ದು ಟ್ಯಾಂಕು ಹಾರಿಸಲು ಹೋಯಿತು. ಒಳ್ಳೆಯದು ತೆಗೆಯುವವರು ಈಗಲೂ ಇದ್ದಾರೆ, ಅವರಿಗೆ ಟಾಕೀಸು ಸಿಗೋದಿಲ್ಲ ಅಂದಳು.

"ನಮ್ಮಲ್ಲೂ ಟಾಕೀಸನ್ನ ಕಲ್ಯಾಣ ಮಂಟಪ ಮಾಡಿದ್ರಲ್ಲ" ಅಂದರು ಅತ್ತಿಗೆ ಒಳಗಿಂದ.

ಅಲ್ಲಿಗೆ ನಿಲ್ಲಿಸಬಾರದಾ ಆ ಹುಡುಗಿ? ಓದಿದ ಬಾಯಿ, ನಿಲ್ಲುತ್ತದಾ? "ತಾತ, ಇನ್ನೊಂದು ವಿಷಯ. ಆಗಲೂ ಅಲ್ಲಿ ಕೆಟ್ಟ ಸಿನೆಮಾ ಬೇಕಾದಷ್ಟಿದ್ವು. ನಿಮ್ಮ ವ್ಯಾನಿಗೆ ಆರಿಸಿ ಒಳ್ಳೇದು ಮಾತ್ರ ಕಳಿಸ್ತಿದ್ರು, ಅಷ್ಟೆ."

ನನಗೆ ಥಟ್ಟನೆ ಅರ್ಥ ಆಯಿತು. ಸಂಬಂಧಿಗಳ ಮನೆಗೆ ಕಳಿಸುವಾಗ ನಾವೂ ಒಳ್ಳೇ ದ್ರಾಕ್ಷಿ ಗೊಂಚಲು ಮಾತ್ರ ಆರಿಸಿ, ಉದುರಿದ್ದನ್ನು ಮನೆಯಲ್ಲಿ ತಿನ್ನೋದಿಲ್ಲವಾ? ಆದರೆ ಅಣ್ಣನಿಗೆ ಮದುವೆ ಮನೆಯಲ್ಲಿ ಯಾರೋ ಪೇಟ ಕಿತ್ತ ಹಾಗಾಯಿತು. ಮೊಮ್ಮಗಳ ಜೊತೆ ಮಾತು ಬಿಟ್ಟರು. ಒಂದು ಲೋಟ ಕಾಫಿ ಬೇಕಾದರೂ ನಡುವೆ ಅತ್ತಿಗೆಯನ್ನು ಇಟ್ಟುಕೊಂಡು, "ಆ ಡಾಕ್ಟರಿಗೆ ಹೇಳು" ಅನ್ನುತ್ತಿದ್ದರು. ಆದರೂ ದಿನಾ ಒಂದೊಂದು ಹೊಸ ಸಿನೆಮಾ ತಾವೇ ಹಾಕಿಸಿಕೊಂಡು ಸಂಜೆ ಮಧ್ಯಾಹ್ನ ಅನ್ನದೆ ನೋಡಿದರು. ಒಂದಾದರೂ ಒಳ್ಳೇದು ಸಿಗಲಿ ಅಂತಲ್ಲ, ಒಂದೂ ಸಿಗದಿರಲಿ ಅಂತ.

೪. ಒಂದು ಚೊಂಬು ನೀರು

ನಮ್ಮವರಲ್ಲಿ ಹಳೇ ಕಾಲದವರ ಒಂದು ಪದ್ಧತಿ ಇದೆ. ಹೆಣ್ಣು ನೋಡುವ ಮೊದಲು ಗಂಡಿನ ಕಡೆಯ ಹೆಂಗಸರು ಹೇಳದೆ ಕೇಳದೆ ಹೆಣ್ಣಿನ ಎದುರು ಮನೆಗೆ ಬಂದು ಜಗಲಿಯಲ್ಲಿ ಕೂರುತ್ತಾರೆ. ಹುಡುಗಿ ಹೇಗೆ ಅಂತ ಬಾಯಿಬಿಟ್ಟು ಕೇಳೋದಿಲ್ಲ. ಎದುರು ಮನೆಯವಳೂ ಬಾಯಿಬಿಟ್ಟು ಹೇಳೋದಿಲ್ಲ. ಹೆಣ್ಣು ಹೆತ್ತವರ ಮೇಲೆ ಕೆಟ್ಟ ಮಾತು ಆಡಬಾರದು ನೋಡಿ. ಹುಡುಗಿ ಒಳ್ಳೆಯವಳಾದರೆ ಮಜ್ಜಿಗೆ ಕೊಡಬೇಕು. ಏನಾದರೂ ಇದ್ದರೆ ಬರೀ ನೀರು. ನೀರು ಕೊಟ್ಟರೆ ಕುಡಿದು, ಚೊಂಬು ಕೆಳಗಿಟ್ಟು, ಬಂದ ದಾರಿಯಲ್ಲೇ ಹೋಗುತ್ತಾರೆ.

ಅತ್ತಿಗೆ ಬೆಳಗಾಗುತ್ತಲೇ ಬಂದಿದ್ದರು. "ಅತ್ತಿಗೆ, ಇವತ್ತೋ ನಾಳೆಯೋ ದಿಂಡಿಗಲ್‌ನವರು ಬರ್ತಾರೆ. ಹುಡುಗಿ ಬದುಕು ನಿಮ್ಮ ಕೈಲಿದೆ. ಮಜ್ಜಿಗೆ ಮರೀಬೇಡಿ."

"ನಾನೇನು ಎಳೇ ಮಗುವಾ? ಹೋಗಿ, ಶುಂಠಿ ಹಾಕಿ ಇಟ್ಟಿದ್ದೀನಿ" ಅಂದೆ.

ಮಧ್ಯಾಹ್ನದ ಬಿಸಿಲಿಗೆ ಬಂದರು. ಹುಡುಗನ ತಾಯಿ, ಜೊತೆಗೆ ಅವನ ಸೋದರತ್ತೆ. ತಾಯಿ ಪಾಪ, ಮಾತಿಲ್ಲದ ಹೆಂಗಸು. ಸೋದರತ್ತೆ ಕನ್ನಡಕ ಹಾಕಿದವಳು, ಕನ್ನಡಕದ ಮೇಲಿಂದ ನೋಡುವವಳು. ಕೂತರು. ಅದೇ ಹೊತ್ತಿಗೆ ಎದುರು ಮನೆ ಕಿಟಕಿಯಿಂದ ಒಬ್ಬ ಗಂಡಸು ಅರಚುವುದೂ ಒಬ್ಬಳು ಬಿಕ್ಕುವುದೂ ಕೇಳಿಸಿತು.

"ಏನದು?" ಅಂದಳು ತಾಯಿ.

"ರಷ್ಯಾ ಸಿನೆಮಾ. ಗಾಬರಿ ಬೇಡ, ಅವರು ಹಾಗೇ" ಅಂದೆ.

ಸೋದರತ್ತೆ ಕನ್ನಡಕ ಸರಿ ಮಾಡಿಕೊಂಡಳು. "ಈಗಿನ ರಷ್ಯಾ ಸಿನೆಮಾ ಅಂದ್ರೆ ಏನು ಅಂದ್ಕೊಂಡಿರಿ. ನಮ್ಮ ಹುಡುಗ ತೋರಿಸಿದ. ಎಷ್ಟು ನಿಧಾನ, ಎಷ್ಟು ಆಳ."

ನೀವೇ ಹೇಳಿ, ವಾರವೆಲ್ಲ ಆ ಸೋರುವ ನಲ್ಲಿ, ಹಾರುವ ಟ್ಯಾಂಕು ಸಹಿಸಿಕೊಂಡವಳು ನಾನು. ಸುಮ್ಮನಿರೋಕಾಗುತ್ತದಾ?

"ಆಳ ಅಂತೆ. ಬಾವಿಯೂ ಆಳ. ಹಾಗಂತ ಟಿಕೆಟ್ ತಗೊಂಡು ಇಣುಕ್ತೀವಾ?"

"ಅವರು ಬದುಕನ್ನ ಇದ್ದ ಹಾಗೇ ತೋರಿಸ್ತಾರೆ."

"ಬದುಕನ್ನ ಇದ್ದ ಹಾಗೇ ನೋಡೋಕೆ ನನಗೆ ಈ ಜಗಲಿ ಸಾಕು ತಾಯಿ. ಸಿನೆಮಾದಲ್ಲಿ ಬೇರೆ ಏನಾದ್ರೂ ತೋರಿಸ್ಲಿ."

"ಹಳೇವು ಬರೀ ಪ್ರಚಾರ."

"ರೊಟ್ಟಿ ಮುಚ್ಚಿಡೋದು ಪ್ರಚಾರವಾ? ನಿಮ್ಮನೇಲಿ ಗಂಡ ಬರೋದು ತಡ ಆದ್ರೆ ನೀವು ಊಟ ಮುಚ್ಚಿಡಲ್ವಾ?"

"ನಮ್ಮನೇಲಿ ಅವರವರೇ ಹಾಕ್ಕೊಂಡು ತಿಂತಾರೆ."

"ಅದಕ್ಕೇ ನಿಮಗೆ ಈಗಿನ ಸಿನೆಮಾ ಹಿಡಿಸ್ತದೆ."

ಇಷ್ಟರಲ್ಲಿ ತಾಯಿ ಎರಡು ಸಲ ಗಂಟಲು ಸರಿ ಮಾಡಿಕೊಂಡಿದ್ದಳು. "ಅಮ್ಮಾ, ಕುಡಿಯೋಕೆ ಏನಾದ್ರೂ" ಅಂದಳು ಮೆಲ್ಲಗೆ. ನಾನು ಸೋದರತ್ತೆಯಿಂದ ಕಣ್ಣು ಕೀಳದೆ, ಕೈಯನ್ನು ಹಿಂದಕ್ಕೆ ಚಾಚಿ, ಬಾಗಿಲ ಪಕ್ಕದ ನೀರಿನ ಮಡಕೆಗೆ ಚೊಂಬು ಅದ್ದಿ ಕೊಟ್ಟೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಿ ಕುಡಿದಳು, ಸೋದರತ್ತೆ ಕುಡಿದಳು, ಚೊಂಬು ಕೆಳಗಿಟ್ಟರು. "ಬರ್ತೀವಿ ಅಮ್ಮಾ" ಅಂದರು. ನಾನು ಗೆದ್ದೆ ಅಂದುಕೊಂಡೆ. ಸೋತು ಎದ್ದು ಹೋದಳು ಆ ಕನ್ನಡಕದವಳು ಅಂತ ಸಂತೋಷವಾಗಿ ಒಳಗೆ ಬಂದರೆ, ಮಜ್ಜಿಗೆ ಮಡಕೆ ಮುಚ್ಚಿದ ಹಾಗೇ ಕೂತಿತ್ತು.

ಎಂಥ ಸಿನೆಮಾ ನೋಡಿ. ತೆಗೆದವನು ಅಲ್ಲೆಲ್ಲೋ ಮಂಜಿನಲ್ಲಿ ಬೆಚ್ಚಗೆ ಕೂತಿದ್ದಾನೆ, ಮದುವೆ ಮುರಿದದ್ದು ತೇನಿಯಲ್ಲಿ.

೫. ಡಬ್ಬಿ ಮಜ್ಜಿಗೆ

ಅತ್ತಿಗೆಗೆ ಹೇಳಲಿಲ್ಲ. ಹೇಳಿ ಯಾಕೆ ಆ ಜೀವವನ್ನು ನೋಯಿಸಬೇಕು? ಮರುದಿನ ಹೊಸದಾಗಿ ಮಜ್ಜಿಗೆ ಕಡೆದು, ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ದಿಂಡಿಗಲ್ ಬಸ್ಸು ಹತ್ತಿದೆ. ಮದುವೆಗಳ ಕಾಲ, ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ನಿಂತೆ. ಆ ಸೆಕೆ, ಆ ಕುಲುಕಾಟ. ವತ್ತಲಗುಂಡು ಬರುವ ಹೊತ್ತಿಗೆ ಡಬ್ಬಿಯೊಳಗಿಂದ ಬುಸ್ಸೆಂದು ಸದ್ದು. ಮುಂದೆ ಕೂತ ಹೆಂಗಸು ತಿರುಗಿ, "ಪಾಟ್ಟಿ, ಒಳಗೆ ಏನಾದ್ರೂ ಜೀವ ಇದೆಯಾ?" ಅಂತ ಕೇಳಿದಳು. "ಒಂದು ಹುಡುಗಿಯ ಜೀವ ಇದೆ, ಸುಮ್ಮನೆ ಕೂರಮ್ಮ" ಅಂದೆ.

ಮನೆ ಹುಡುಕಿಕೊಂಡು ಹೋದೆ. ಬೀಗದವರ ಮನೆ, ಬಾಗಿಲಿಗೆ ನನ್ನ ತಲೆಯಷ್ಟು ಬೀಗ. ಹುಡುಗನ ತಾಯಿ ನನ್ನನ್ನು ನೋಡಿ ಎದೆ ಮೇಲೆ ಕೈ ಇಟ್ಟಳು. ನಾನು ಕೂರಲೂ ಇಲ್ಲ. ಅವರದೇ ಲೋಟ ಕೇಳಿ, ಅವರ ಮನೆಯಲ್ಲೇ ಅವರಿಗೆ ಮಜ್ಜಿಗೆ ಬಗ್ಗಿಸಿ ಕೊಟ್ಟೆ. ಕುಡಿದಳು. ಒಂದು ಕಣ್ಣು ಮುಚ್ಚಿತು, ಇನ್ನೊಂದು ದೊಡ್ಡದಾಯಿತು.

ಸೋದರತ್ತೆ ಒಂದು ಗುಟುಕು ನೋಡಿ ಲೋಟ ಕೆಳಗಿಟ್ಟಳು. "ಅಮ್ಮಾ, ನೀರು ಅಂದ್ರೆ ಬೇಡ ಅಂತ. ಮಜ್ಜಿಗೆ ಅಂದ್ರೆ ಸರಿ ಅಂತ. ಇಷ್ಟು ಹುಳಿ ಮಜ್ಜಿಗೆ ಅಂದ್ರೆ ಏನು?"

"ಅದು ಬಸ್ಸಿನ ತಪ್ಪು. ಹುಡುಗಿ ಅಪ್ಪಟ ಬಂಗಾರ. ನಾನು ಹೇಳ್ತಿದ್ದೀನಲ್ಲ" ಅಂದೆ.

ಇಬ್ಬರ ಮುಖವೂ ಬಿಳಿಚಿಕೊಂಡಿತು. ಹುಳಿಗೆ ಅಂದುಕೊಂಡೆ. ಖಾಲಿ ಡಬ್ಬಿ ಬೀಸಿಕೊಂಡು, ಪುಣ್ಯ ಕಟ್ಟಿಕೊಂಡವಳ ಹಾಗೆ ಊರಿಗೆ ಬಂದೆ.

ಆಮೇಲೆ ಎದುರು ಮನೆಯಲ್ಲಿ ಏನೇನೋ ಓಡಾಟ. ಹುಡುಗಿ ಕಣ್ಣು ಊದಿಸಿಕೊಂಡು ಮಹಡಿ ಹತ್ತಿದಳು. ಅಣ್ಣ ಸಿನೆಮಾ ನಿಲ್ಲಿಸಿ, ಇಸ್ತ್ರಿ ಶರ್ಟು ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು, ಮರುದಿನ ಬಂದರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಷ್ಟೆಲ್ಲ ಮಾಡಿದವಳಿಗೆ ಒಂದು ಮಾತಿಲ್ಲವಲ್ಲ ಅಂತ ನನಗೂ ಕೋಪ ಬಂದಿತ್ತು. ಅವತ್ತೇ ಅತ್ತಿಗೆ ಬೀದಿ ದಾಟಿ ಬಂದರು. ಜಗಲಿ ಮೇಲೆ ಕೂರಿ ಅಂದೆ, ಕೂರಲಿಲ್ಲ. ಮಂಡಿಯವನ ಹೆಂಡತಿ ಗುಡಿಸುವ ನೆಪದಲ್ಲಿ ಕಿವಿ ಇತ್ತ ಇಟ್ಟಿದ್ದಳು. ಅದನ್ನು ನೋಡಿಯೂ ಅತ್ತಿಗೆ ದನಿ ತಗ್ಗಿಸಲಿಲ್ಲ.

"ಅತ್ತಿಗೆ, ದಿಂಡಿಗಲ್‌ನವರು ನಿಮ್ಮ ಜಗಲಿಗೆ ಬರೋ ಮೊದಲೇ ಈ ಬೀದೀಲಿ ನಿಮ್ಮ ಬಗ್ಗೆ ವಿಚಾರಿಸಿದ್ರಂತೆ. ಆಯಮ್ಮ ಏನು ಕೊಟ್ರೂ ತಿರುಗಿಸಿ ತಿಳ್ಕೊಳ್ಳಿ ಅಂತ ಎಲ್ಲರೂ ಒಂದೇ ಮಾತು ಹೇಳಿದ್ದಾರೆ. ನೀವು ನೀರು ಕೊಟ್ಟ ದಿನಾನೇ ಸಂಬಂಧ ಗಟ್ಟಿಯಾಗಿತ್ತು. ಡಬ್ಬಿ ಹೊತ್ಕೊಂಡು ಮಜ್ಜಿಗೆ ಕೊಡೋಕೆ ಹೋದಿರಿ ನೋಡಿ, ಆಗ ಅವರಿಗೆ ಅನುಮಾನ ಬಂತು. ನಮ್ಮವರು ಹೋಗಿ ಕೈಕಾಲು ಹಿಡಿದು ಸರಿ ಮಾಡಿ ಬಂದಿದ್ದಾರೆ. ಮದುವೆಗೆ ಬನ್ನಿ. ಮುಂದಿನ ಸಾಲಲ್ಲೇ ಕೂತ್ಕೊಳ್ಳಿ, ಹೊಟ್ಟೆ ತುಂಬ ಉಣ್ಣಿ. ಯಾರಿಗೂ ಏನನ್ನೂ ಬಡಿಸಬೇಡಿ."