ಸಾಲಿ ಹೊದಿಸಿದ್ದು

ಮೊದಲೇ ಕ್ಷಮೆ ಕೇಳುತ್ತೇನೆ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನಾನು ಟೇಲರ್, ಅಂದರೆ ಬಟ್ಟೆ ಹೊಲಿಯುವವನು. ಕತ್ತರಿಸಬೇಕಾದಲ್ಲಿ ಉದ್ದ ಬಿಡುತ್ತೇನೆ. ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಅಂಗಡಿಯ ಎದುರಿಗೇ ಸರ್ಕಾರಿ ಶಾಲೆ, ಅದರ ಮಾಳಿಗೆ, ಅಂದರೆ ಚಾವಣಿ, ಸೋರುತ್ತದೆ. ಈ ಮಳೆಗಾಲದೊಳಗೆ ರಿಪೇರಿ ಆಗದಿದ್ದರೆ ಬೀಗ ಹಾಕಿ, ಮಕ್ಕಳನ್ನು ಹಳ್ಳದಾಚೆಯ ಶಾಲೆಗೆ ಕಳಿಸುತ್ತಾರಂತೆ. ಹಳ್ಳಕ್ಕೆ ಸೇತುವೆ ಇಲ್ಲ, ಅದನ್ನೂ ಹೇಳಬೇಕು. ನನ್ನ ಮಗಳು ಇಲ್ಲೇ ಓದುತ್ತಾಳೆ. ಹಾಗಾಗಿ ಹೋರಾಟಕ್ಕೆ ಇಳಿದೆ. ಇಳಿದವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಬ್ಯಾನರ್

ಸರ್ಕಾರಿ ಶಾಲೆಗಳಿಗೆ ಅನುದಾನ ಹೆಚ್ಚಿಸಿರೆಂದು ಐದು ಊರಿನ ಪಾಲಕರು ಸೇರಿ ಒಕ್ಕೂಟ ಮಾಡಿದೆವು. ಒಕ್ಕೂಟ ಎಂದರೆ ಒಗ್ಗಟ್ಟು. ಆದರೆ ಬ್ಯಾನರಿನಲ್ಲಿ ಯಾವ ಊರಿನ ಹೆಸರು ಮೊದಲು?

"ಸಿಮೆಂಟ್ ನಮ್ದು, ಮೊದ್ಲು ಸೇಡಂ."

"ಅದೇನ್ರಿ? ಎಲ್ಲಾರ ಮನ್ಯಾಗ ಕಾಲ ಕೆಳಗ ಇರೋದು ಶಹಾಬಾದ್ ಫರಸಿ!"

"ಹಂಗಾದ್ರ ಕೆಳಗೇ ಇರ್ರಿ. ರೈಲು ಹಿಡೀಲಿಕ್ಕಿ ಎಲ್ಲಾರೂ ವಾಡಿಗೇ ಬರಬೇಕು."

"ಯಾವಾಗ್ಲೂ ನಾವೇ ಕಡೀಗೇನು?" ಎಂದು ಚಿಂಚೋಳಿಯವರು ಸಿಟ್ಟಿನಿಂದ ಎದ್ದು ಹೋದರು. ಬಸ್ಸು ಸಂಜೆಗೆ ಇದ್ದದ್ದರಿಂದ ವಾಪಸ್ ಬಂದು ಕೂತರು.

ಕೊನೆಗೆ ಐದೂ ಹೆಸರು ಒಂದೇ ಅಳತೆಯಲ್ಲಿ, ಊರಿಗೊಬ್ಬ ಮುಖಂಡರ ಫೋಟೋ, ಸುತ್ತ ಹೂವಿನ ಚಿತ್ರ. ಬೇಡಿಕೆ ಬರೆಯಲು ಜಾಗವೇ ಉಳಿಯಲಿಲ್ಲ. ಕಟ್ಟಿದ ಮೇಲೆ ಒಬ್ಬ ಅಜ್ಜ ಬಂದು ನೋಡಿ ಕೈಮುಗಿದ.

"ಯಪ್ಪಾ, ಐದೂ ಮಂದಿ ಒಮ್ಮೆಗೇ ಹ್ಯಾಂಗ ಹೋದ್ರೋ?"

ತಪಾಸಣೆ

ಮಾಳಿಗೆ ಸೋರುವುದನ್ನು ನೋಡಲು ಅಧಿಕಾರಿ ಬಂದರು. ಸುಡು ಬೇಸಿಗೆಯಲ್ಲಿ ಬಂದರು. ಅವರು ಮೈಸೂರು ಕಡೆಯವರು.

"ಎಲ್ಲಿ ಸೋರ್ತಿದೆ? ತೋರಿಸಿ."

ಬಿಸಿಯೂಟದ ಅಡುಗೆ ಮಾಡುವ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಬಿಸಲಾಗ ಹ್ಯಾಂಗ ಸೋರ್ತದ್ರಿ ಸಾಹೇಬ್ರ? ಅಲ್ಲೇ ನಿಂದ್ರಿ, ತೋರಸ್ತೀನಿ." ಕೊಡ ಹೊತ್ತು ಮಾಳಿಗೆ ಹತ್ತಿ ನೀರು ಸುರಿದಳು. ನೀರು ನೇರ ಸಾಹೇಬರ ನೆತ್ತಿಗೇ ಬಿತ್ತು. ನಾವೆಲ್ಲ ಕೆಲಸ ಆಯಿತೆಂದು ಖುಷಿಪಟ್ಟೆವು.

ಅವರು ತಲೆ ಒರೆಸಿಕೊಂಡು ವರದಿ ಬರೆದರು: "ಶಾಲೆಯಲ್ಲಿ ನೀರಿನ ಸೌಲಭ್ಯ ಧಾರಾಳವಾಗಿದೆ."

ಸನ್ಮಾನ

ಟಾರ್ಪಾಲಿನ ಹಳೆಯ ತುಂಡುಗಳನ್ನು ಸೇರಿಸಿ ನಾನೇ ಒಂದು ತಾಡಪತ್ರಿ ಹೊಲಿದುಕೊಟ್ಟಿದ್ದೆ. ಮಳೆ ಬಂದರೆ ಅದನ್ನು ಮಾಳಿಗೆಯ ಮೇಲೆ ಹಾಸಿ ಪಾಠ ನಡೆಸುತ್ತಿದ್ದರು. ಪೂರ್ತಿ ರಿಪೇರಿಗಾಗಿ ನಮ್ಮ ಭಾಗದ ಮುಖಂಡರೊಬ್ಬರಿಗೆ ಮನವಿ ಕೊಟ್ಟೂ ಕೊಟ್ಟೂ ಸಾಕಾಗಿ, ಅಕ್ಕ ಒಂದು ದಿನ ಅವರ ಪಿಎಗೆ ಫೋನ್ ಮಾಡಿದಳು.

"ಸಾಹೇಬ್ರಿಗಿ ಹೇಳ್ರಿ, ಸಾಲಿ ಹೊದಸಬೇಕಾಗ್ಯಾದ!"

ನಮ್ಮ ಕಡೆ ಶಾಲೆಗೆ ಸಾಲಿ ಎನ್ನುತ್ತೇವೆ. ಹೊದಿಸುವುದು ಎಂದರೆ ಚಾವಣಿ ಹಾಕುವುದು. ಪಿಎ ಕಿವಿಗೆ ಬಿದ್ದದ್ದು ಬೇರೆ.

"ಶಾಲು ಹೊದಸ್ತೀರೇನು? ನಾಳೆ ಮುಂಜಾನಿನೇ ಬರ್ತಾರ!"

ಬಂದೇಬಿಟ್ಟರು. ಹಿಂದೆ ಎರಡು ಕಾರು, ಒಬ್ಬ ಫೋಟೋದವ. ಸಾಹೇಬರು ಕತ್ತು ಬಗ್ಗಿಸಿ ನಿಂತರು. ಊರಿನಲ್ಲಿ ಶಾಲು ಎಲ್ಲಿದೆ? ಅಕ್ಕ ಮೂಲೆಯಲ್ಲಿದ್ದ ತಾಡಪತ್ರಿ ತಂದು ಅವರ ಹೆಗಲಿಗೆ ಹೊದಿಸಿದಳು. ಇದೇನೆಂದು ಕೇಳುತ್ತಾರೆ, ಆಗ ಮಾಳಿಗೆ ತೋರಿಸಬಹುದು ಎಂಬ ಲೆಕ್ಕ ಅವಳದು.

ಅವರು ಕೇಳಲಿಲ್ಲ. ಕಣ್ಣು ತುಂಬಿಕೊಂಡು ಭಾಷಣ ಮಾಡಿದರು: "ಇಷ್ಟು ದೊಡ್ಡ ಶಾಲು ನನಗ ಯಾರೂ ಹೊದಿಸಿದ್ದಿಲ್ಲ. ಇದನ್ನ ನಾ ಎಂದೂ ಮರೆಯಂಗಿಲ್ಲ."

ಮರೆಯಲೂ ಇಲ್ಲ. ಹೋಗುವಾಗ ತಾಡಪತ್ರಿಯನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಹೋದರು.

ನೀವು ಯಾಕೆ ವಾಪಸ್ ಕೇಳಲಿಲ್ಲ ಎನ್ನಬಹುದು. ಅದನ್ನು ವಿವರಿಸಬೇಕು. ಸನ್ಮಾನದ್ದನ್ನು ವಾಪಸ್ ಕೇಳಬಾರದೆಂದು ನಮ್ಮಲ್ಲಿ ಒಂದು ಪದ್ಧತಿ. ಪದ್ಧತಿ ಅಂದರೆ...

"ಏ ಟೇಲರಣ್ಣಾ! ಮಳಿ ಬಂತು! ಅಂಗಡ್ಯಾಗ ಇದ್ದಷ್ಟು ಅರಿವಿ ತಗೊಂಡು ಲಗೂನ ಬಾ, ಸಾಲಿ ಹೊದಸಬೇಕು!"

ಅಕ್ಕ ಕರೆಯುತ್ತಿದ್ದಾಳೆ. ಪದ್ಧತಿ ಏನೆಂದರೆ, ಒಮ್ಮೆ ಹೊದಿಸಿದ ಮೇಲೆ...