ಹಿತ್ತಲ ದೇಶದ ಲೈಸೆನ್ಸು

ನಮ್ಮ ಮನೆಯ ಬಗ್ಗೆ ನೆರೆಹೊರೆಯವರು ಒಂದು ಮಾತು ಹೇಳುತ್ತಿದ್ದರು: "ಆ ಮನೇಲಿ ಗಂಡ ಒಂದು ದೇಶದಲ್ಲಿ ಕೂತು ಕೂಗ್ತಾನೆ, ಹೆಂಡತಿ ಇನ್ನೊಂದು ದೇಶದಲ್ಲಿ ನಿಂತು ಕೇಳಿಸ್ಲಿಲ್ಲ ಅಂತಾಳೆ!"

ಮಾತು ಕುಹಕದ್ದಾದರೂ ಸುಳ್ಳಲ್ಲ. ನಮ್ಮ ಊರು ಎರಡು ದೇಶಗಳ ಗಡಿಯ ಮೇಲೆ, ಕತ್ತೆಯ ಬೆನ್ನಿಗೆ ಹಾಕಿದ ಮೂಟೆಗಳ ಹಾಗೆ, ಅತ್ತ ಅರ್ಧ ಇತ್ತ ಅರ್ಧ ಜೋತುಬಿದ್ದಿದೆ. ಗಡಿ ಹಾಕಿದ ಮಹಾನುಭಾವರಿಗೆ ನಕ್ಷೆಯ ಮೇಲೆ ಗೆರೆ ಎಳೆಯುವಾಗ ಸೀನು ಬಂತೋ ಏನೋ, ಗೆರೆ ಸೀದಾ ನಮ್ಮ ಮನೆಯೊಳಗೆ ನುಗ್ಗಿ, ನಡುಮನೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಮೇಲೆ ಹಾದು ಹೋಗಿದೆ. ನಡುಮನೆ, ಮಲಗುವ ಕೋಣೆ ಈಚೆ ದೇಶದಲ್ಲಿ. ಅಡುಗೆಮನೆ, ಹಿತ್ತಲು, ಹಿತ್ತಲಲ್ಲಿ ಅಡುಗೆಮನೆಯ ಗೋಡೆಗೆ ಒರಗಿಕೊಂಡಿರುವ ಬಟ್ಟೆ ಒಗೆಯುವ ಕೋಣೆ ಆಚೆ ದೇಶದಲ್ಲಿ. ಒಂದು ಲೋಟ ನೀರು ಕುಡಿಯಬೇಕೆಂದರೂ ನನಗೆ ವಿದೇಶ ಪ್ರವಾಸ!

ಹಾಗಾದರೆ ಮನೆ ಯಾವ ದೇಶದ್ದು? ಅದಕ್ಕೆ ನಮ್ಮಲ್ಲಿ ಮುತ್ತಾತನ ಕಾಲದ ಒಂದು ಕಟ್ಟಳೆ ಇದೆ. ತಲೆಬಾಗಿಲು ಯಾವ ದೇಶದ ನೆಲದಲ್ಲಿದೆಯೋ ಇಡೀ ಮನೆ ಆ ದೇಶದ್ದು. ನಮ್ಮ ತಲೆಬಾಗಿಲು ಈಚೆ ದೇಶದ ಬೀದಿಗೆ. ಹೀಗಾಗಿ ಅಡುಗೆಮನೆಯೂ ಕಾನೂನಿನ ಕಣ್ಣಿಗೆ ಈಚೆಯದೇ. ಈ ಕಟ್ಟಳೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಹಾಳಾದದ್ದು ಇದರಿಂದಲೇ.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಒಂದು ದಿನ ಒಬ್ಬ ಗಿರಾಕಿ ತಾಯಿ, ರಿಪೇರಿ ಹಣದ ಬದಲಿಗೆ, ತೀರಿಹೋದ ಗಂಡನ ಹ್ಯಾಮ್ ರೇಡಿಯೋ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟರು. ಹ್ಯಾಮ್ ಎಂದರೆ ಬರೀ ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ! ಗುಂಡಿ ತಿರುಗಿಸಿ ಮೈಕಿನಲ್ಲಿ ಕೂಗಿದರೆ ಸಮುದ್ರದಾಚೆಯವನು "ಏನಣ್ಣಾ" ಅನ್ನುತ್ತಾನೆ. ನಾನು ಅಂದೇ ಪೆಟ್ಟಿಗೆಯನ್ನು ನಡುಮನೆಯಲ್ಲಿ ಪ್ರತಿಷ್ಠಾಪಿಸಿ, ಎದೆಯುಬ್ಬಿಸಿ ಘೋಷಿಸಿದೆ.

"ಕೇಳೇ! ಇನ್ನು ಮೇಲೆ ಈ ಮನೆಯಿಂದ ನಾನು ಇಡೀ ಭೂಮಂಡಲದ ಜೊತೆ ಮಾತಾಡ್ತೀನಿ!"

"ಮೊದಲು ನನ್ನ ಜೊತೆ ಮಾತಾಡಿ. ಅಡುಗೆಮನೆ ನಲ್ಲಿ ಸೋರ್ತಿದೆ ಅಂತ ಯಾವತ್ತಿಂದ ಹೇಳ್ತಿದೀನಿ, ಭೂಮಂಡಲದಿಂದ ಉತ್ತರವೇ ಬಂದಿಲ್ಲ," ಎಂದಳು ನನ್ನವಳು.

ನನ್ನವಳು ಈಚೆ ದೇಶದ ಸರ್ಕಾರಿ ಶಾಲೆಯಲ್ಲಿ ಭೂಗೋಳದ ಟೀಚರ್. ಮುಖ್ಯೋಪಾಧ್ಯಾಯಿನಿ ಹುದ್ದೆಗಾಗಿ ವರ್ಷಗಟ್ಟಲೆ ಕಾದವಳು. ಆ ಸಲ ಕೊನೆಗೂ ಅವಳ ಹೆಸರು ಬಂದಿತ್ತು. ತರಬೇತಿಗೆಂದು ಬೇರೆ ಊರಿಗೆ ಹೊರಟವಳು ಹೊಸ್ತಿಲಲ್ಲಿ ತಿರುಗಿ ನಿಂತು ಹೇಳಿದಳು: "ರೀ, ನಾನು ಬರೋ ತನಕ ಮನೆ ಹೇಗಿದೆಯೋ ಹಾಗೇ ಇರ್ಲಿ. ನಲ್ಲಿ ಒಂದು ಸರಿ ಮಾಡಿ, ಸಾಕು."

ನಾನು ನಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಮಾಡಿದೆ!

ಮಾತಾಡುವ ರೇಡಿಯೋಗೆ ಲೈಸೆನ್ಸು ಬೇಕು. ಈಚೆ ದೇಶದ ಕಚೇರಿಗೆ ಹೋದೆ. ಬೋಳುತಲೆಯ ಅಧಿಕಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಎರಡು ಪರೀಕ್ಷೆ. ವಿದ್ಯುತ್ತಿನದು ಒಂದು, ಕಾನೂನಿನದು ಒಂದು. ಆಮೇಲೆ ಮೋರ್ಸ್. ಟಕ್-ಟಕ್ ಅಂತ ಕುಟ್ಟೋ ಭಾಷೆ. ಗಿಡ್ಡ ಸದ್ದು, ಉದ್ದ ಸದ್ದು. ಅದರಲ್ಲೇ ಕೇಳ್ಬೇಕು, ಅದರಲ್ಲೇ ಹೇಳ್ಬೇಕು."

"ಬಾಯಿ ಇದೆಯಲ್ಲ ಸಾರ್?"

"ಬಾಯಿ ಎಲ್ಲರಿಗೂ ಇದೆ. ಅದಕ್ಕೇ ಲೈಸೆನ್ಸ್ ಇಟ್ಟಿರೋದು. ಪರೀಕ್ಷೆಗೆ ಶುಲ್ಕ, ಲೈಸೆನ್ಸಿಗೆ ಶುಲ್ಕ, ನವೀಕರಣಕ್ಕೆ ಶುಲ್ಕ. ನಡುವೆ ಪೊಲೀಸ್ನೋರು ಬಂದು ನೀವು ಎಂಥವರು ಅಂತ ನೆರೆಹೊರೆಯವರನ್ನ ಕೇಳ್ತಾರೆ."

ನಮ್ಮ ನೆರೆಹೊರೆಯವರನ್ನೇ! "ಎಲ್ಲ ಮುಗಿಯೋಕೆ ಎಷ್ಟು ಕಾಲ ಆಗುತ್ತೆ ಸಾರ್?"

ಅವರು ಕಿಟಕಿಯ ಪಕ್ಕದ ಕುಂಡ ತೋರಿಸಿದರು. ಅದರಲ್ಲಿನ ಗಿಡ ಛಾವಣಿಗೆ ತಲೆ ತಾಗಿಸಿ, ಬಗ್ಗಿ, ಮತ್ತೆ ಕೆಳಗೆ ಬರುತ್ತಿತ್ತು. "ಇದನ್ನ ಸಸಿ ಆಗಿದ್ದಾಗ ನೆಟ್ಟೆ. ಅವತ್ತು ಅರ್ಜಿ ಹಾಕಿದವರು ಮೊನ್ನೆ ಬಂದು ಲೈಸೆನ್ಸ್ ತಗೊಂಡು ಹೋದ್ರು."

ಮನೆಗೆ ಬಂದವನೇ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಆಚೆ ದೇಶದ ಕಚೇರಿಗೆ ಹೋದೆ. ಹಿತ್ತಲ ಗಿಡ ಮದ್ದಲ್ಲವಂತೆ. ಹಿತ್ತಲ ದೇಶ ಆಗಬಾರದೆಂದು ಯಾರಾದರೂ ಹೇಳಿದ್ದಾರೆಯೇ? ಅಲ್ಲಿ ಒಬ್ಬ ಅಧಿಕಾರಿಣಿ ಸ್ವೆಟರ್ ಹೆಣೆಯುತ್ತ ಕೂತಿದ್ದರು.

"ಪರೀಕ್ಷೆ ಯಾವಾಗ ಮೇಡಂ?"

"ಬಂದಿದೀರಲ್ಲ, ಈಗಲೇ. ಕೂತ್ಕೊಳ್ಳಿ. ಗುಡುಗು ಸಿಡಿಲು ಬರೋವಾಗ ಆಂಟೆನಾ ತಂತೀನ ಹಿಡ್ಕೋಬೇಕೋ, ಬಿಡಬೇಕೋ?"

"ಬಿಡಬೇಕು ಮೇಡಂ!"

"ಪರವಾಗಿಲ್ಲ, ಬದುಕೋ ಆಸೆ ಇದೆ ನಿಮಗೆ," ಎಂದು ಇನ್ನೂ ಒಂದಿಷ್ಟು ಕೇಳಿದರು. ಹೆಣಿಗೆಯ ಸಾಲು ಮುಗಿಯುವಷ್ಟರಲ್ಲಿ ನಾನು ಪಾಸು! ಶುಲ್ಕ ಎರಡು ಲೋಟ ಚಹಾದ ದುಡ್ಡು. ಲೈಸೆನ್ಸು ಸಾಯುವ ತನಕ.

"ಮೋರ್ಸ್ ಬೇಡ್ವಾ ಮೇಡಂ?"

"ಅದನ್ನ ನಮ್ಮಜ್ಜಿ ಕಾಲದಲ್ಲೇ ಬಿಟ್ವಿ."

"ಮತ್ತೆ ಗಡಿಯ ಆ ಕಡೆಯವರು ಯಾಕೆ ಹಾಗೆ ಜೀವ ಹಿಂಡ್ತಾರೆ?"

"ಅವರಿಗೆ ಮಾತಾಡೋರನ್ನ ಕಂಡ್ರೆ ಭಯ. ನಮಗೆ ಮಾತಾಡದೆ ಕೂತಿರೋರನ್ನ ಕಂಡ್ರೆ ಭಯ," ಎಂದು ನಕ್ಕ ಮೇಡಂ ಸೂಜಿ ಕೆಳಗಿಟ್ಟರು. "ಅಂದ ಹಾಗೆ, ನಿಮ್ಮ ತಲೆಬಾಗಿಲು ಎಲ್ಲಿದೆ?"

"ಅಡುಗೆಮನೆ ನಿಮ್ಮ ದೇಶದಲ್ಲೇ ಇದೆ ಮೇಡಂ. ಪೆಟ್ಟಿಗೇನ ಒಲೆ ಪಕ್ಕದಲ್ಲೇ ಇಡ್ತೀನಿ!"

"ಒಲೆ ಕೇಳಿದ್ನಾ? ಬಾಗಿಲು ಎಲ್ಲಿ? ನಮ್ಮ ಲೈಸೆನ್ಸು ನಮ್ಮ ನೆಲದ ಮನೆಗೆ ಮಾತ್ರ. ಬಾಗಿಲು ಈ ಕಡೆ ಬಂದ ದಿನ ಬನ್ನಿ, ಕೊಡ್ತೀನಿ."

ಪಾಸಾದ ದೇಶದಲ್ಲಿ ನನಗೆ ಮನೆಯಿಲ್ಲ; ಮನೆಯಿರುವ ದೇಶದಲ್ಲಿ ನಾನು ಪಾಸಾಗಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಹಲ್ಲೂ ನಾನೇ, ಕಡಲೆಯೂ ನಾನೇ!

ಮೇಡಂ ತಮಾಷೆಗೆ ಅಂದದ್ದನ್ನು ನಾನು ಬ್ರಹ್ಮವಾಕ್ಯ ಮಾಡಿಕೊಂಡೆ. ನಮ್ಮ ಬೀದಿಯ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಈತನಿಗೆ 'ಅರೆಬರೆ ಮೇಸ್ತ್ರಿ' ಎಂದೇ ಹೆಸರು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮಾಯವಾಗುವುದರಲ್ಲಿ ಈತನನ್ನು ಮೀರಿಸಿದವರಿಲ್ಲ.

"ಮುಂದಿನ ಬಾಗಿಲು ಕಿತ್ತು ಹಿಂದೆ ಹಾಕ್ಬೇಕಾ ಅಣ್ಣಾ?" ಮೇಸ್ತ್ರಿ ತಲೆ ಕೆರೆದುಕೊಂಡ. "ಅಕ್ಕಂಗೆ ಗೊತ್ತಾ?"

"ಅವಳಿಗೆ ಆಶ್ಚರ್ಯ ಆಗ್ಲಿ ಅಂತಾನೇ!"

"ಆಶ್ಚರ್ಯ ಆಗತ್ತೆ ಬಿಡಿ," ಎಂದ.

ಜೀವಮಾನದಲ್ಲಿ ಆತ ಹೇಳಿದ ಹೊತ್ತಿಗೆ ಮುಗಿಸಿದ್ದು ಒಂದೇ ಒಂದು ಕೆಲಸ. ಅದು ನನ್ನ ಮನೆಯದೇ ಆಗಬೇಕಿತ್ತೇ! ನನ್ನವಳು ತರಬೇತಿಯಿಂದ ಹಿಂದಿರುಗುವಷ್ಟರಲ್ಲಿ ತಲೆಬಾಗಿಲು, ಚೌಕಟ್ಟಿನ ಸಮೇತ, ಅಡುಗೆಮನೆಯ ಹಿಂದೆ, ಹಿತ್ತಲ ಬಾಗಿಲಿನ ಜಾಗದಲ್ಲಿ ಹೋಗಿ ಕೂತಿತ್ತು. ಮುಂದಿನ ಬೀದಿಗೆ ನುಣ್ಣನೆಯ ಗೋಡೆ. ಸ್ವೆಟರ್ ಮೇಡಂ ಬಂದು ನೋಡಿ, ನಂಬಲಾರದೆ ಇನ್ನೊಮ್ಮೆ ನೋಡಿ, ಲೈಸೆನ್ಸು ಕೊಟ್ಟೇಬಿಟ್ಟರು. ಅದಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದೆ.

ಸಂಜೆ ಹೊರಗೆ ಕರಕರ ಸದ್ದು. ಕಿಟಕಿಯಿಂದ ಇಣುಕಿದರೆ ನನ್ನವಳು! ಕೈಯಲ್ಲಿ ಬೀಗದ ಕೈ ಹಿಡಿದು ಗೋಡೆಯನ್ನು ತಡವುತ್ತಿದ್ದಾಳೆ.

"ರೀ! ಬಾಗಿಲು ಎಲ್ಲಿ?"

"ಹಿಂದೆ ಇದೆ. ಸುತ್ತಿಕೊಂಡು ಬಾ!"

"ಹಿಂದೆ ಯಾಕಿದೆ?"

"ನಾವೀಗ ಆಚೆ ದೇಶದವರು ಕಣೇ! ಲೈಸೆನ್ಸ್ ಸಿಕ್ತು!"

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಬಟ್ಟೆಯ ಪೆಟ್ಟಿಗೆಯನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟು, ಬರೀ ಇಷ್ಟು ಹೇಳಿದಳು: "ಮುಖ್ಯೋಪಾಧ್ಯಾಯಿನಿ ಆಗೋರು ಈ ದೇಶದಲ್ಲೇ ವಾಸ ಇರ್ಬೇಕು. ಅದನ್ನ ನೋಡೋಕೆ ಅಂತಾನೇ ಸೋಮವಾರ ಶಿಕ್ಷಣಾಧಿಕಾರಿ ಮನೆಗೆ ಬರ್ತಾರೆ. ಬಂದು ಎಲ್ಲಿ ತಟ್ತಾರೆ? ನಿಮ್ಮ ತಲೆ ಮೇಲಾ?"

ಮೇಸ್ತ್ರಿಯನ್ನು ಹುಡುಕಿ ಓಡಿದೆ. ಮೇಸ್ತ್ರಿ ಮಾಯ! ಅರೆಬರೆ ಮೇಸ್ತ್ರಿ ತನ್ನ ಹೆಸರು ಉಳಿಸಿಕೊಳ್ಳಲು ಸರಿಯಾದ ಮುಹೂರ್ತವನ್ನೇ ಆರಿಸಿದ್ದ.

ಅಷ್ಟರಲ್ಲಿ ಒಂದರ ಹಿಂದೊಂದು ಶುರುವಾಯಿತು. ಅಂಚೆಯಣ್ಣ ಗೋಡೆ ನೋಡಿ ಕಾಗದಗಳನ್ನು ವಾಪಸು ಒಯ್ದ. ಈಚೆಯ ಕಸದ ಗಾಡಿಯವನು "ನೀವು ಪರದೇಶದವರು" ಎಂದ. ಆಚೆಯ ಗಾಡಿಯವನು "ನಿಮ್ಮ ಕಸ ಇನ್ನೂ ನಮ್ಮ ಪಟ್ಟಿಗೆ ಬಂದಿಲ್ಲ" ಎಂದ. ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಿಂದ ಹರ್ಷೋದ್ಗಾರ ಮಾಡಿದೆ.

"ನೋಡೇ! ನಲ್ಲಿ ಸೋರೋದು ನಿಂತೇಹೋಯ್ತು!"

"ನಿಲ್ಲದೆ ಏನು? ಈಚೆ ದೇಶದ ನೀರಿನವರು ಕನೆಕ್ಷನ್ ಕಿತ್ಕೊಂಡು ಹೋದ್ರು."

ಸೋಮವಾರ ಬಂತು, ಅಧಿಕಾರಿಯೂ ಬಂದರು. ನಾನು ಆ ಹೊತ್ತಿಗೆ ಒಂದು ಮಹೋಪಾಯ ಹೂಡಿದ್ದೆ. "ಬನ್ನಿ ಸಾರ್! ಬಾಗಿಲು ಬಣ್ಣಕ್ಕೆ ಹೋಗಿದೆ. ಈ ಕಿಟಕೀಲಿ ದಯಮಾಡಿಸಿ!" ಎಂದು ಹೊರಗೆ ಸ್ಟೂಲು ಇಟ್ಟೆ. ಪಾಪ, ಸಜ್ಜನರು. ತಲೆ ತೂರಿಸಿದರು, ಭುಜ ತೂರಿಸಿದರು. ಹೊಟ್ಟೆಯ ಹತ್ತಿರ ಬಂದಾಗ ಕಿಟಕಿ ಸಹಕರಿಸಲಿಲ್ಲ. ಅರ್ಧ ಒಳಗೆ, ಅರ್ಧ ಬೀದಿಗೆ!

"ಟೀಚರಮ್ಮಾ, ಈ ಮನೆ ಈಚೆ ದೇಶದ್ದೇ ತಾನೆ?" ಸಿಕ್ಕಿಕೊಂಡಲ್ಲಿಂದಲೇ ಕರ್ತವ್ಯ ನಿರ್ವಹಿಸಿದರು.

"ಅದು... ಸಾರ್..." ಎಂದು ನನ್ನವಳು ನನ್ನ ಮುಖ ನೋಡಿದಳು.

ಸರಿಯಾಗಿ ಆಗಲೇ ರೇಡಿಯೋ ಪೆಟ್ಟಿಗೆ ಗರಗರ ಎಂದಿತು. ಲೈಸೆನ್ಸು ಬಂದಾಗಿನಿಂದ ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರೂ ಒಂದು ನರಪಿಳ್ಳೆಯೂ ಉತ್ತರಿಸಿರಲಿಲ್ಲ. ಈಗ ಎಲ್ಲೋ ನಡುಗಡ್ಡೆಯಿಂದ ಯಾರೋ ಪುಣ್ಯಾತ್ಮ ನನ್ನ ಲೈಸೆನ್ಸಿನ ನಂಬರನ್ನೇ ಹಿಡಿದು ಕರೆಯುತ್ತಿದ್ದಾನೆ! ಹರಕು ಮುರುಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದಾನೆ: "ಕೇಳಿಸ್ತಾ ಇದೆಯಾ? ಯಾವ ದೇಶ ನಿಮ್ಮದು? ಯಾವ ದೇಶ?"

"ಬೇಡ ರೀ," ಎಂದಳು ನನ್ನವಳು, ಮೆಲ್ಲಗೆ.

ಸುಮ್ಮನಿರಬಹುದಿತ್ತು. ಸುಮ್ಮನಿರಲು ಯಾವ ದೇಶದಲ್ಲೂ ಲೈಸೆನ್ಸು ಬೇಕಿಲ್ಲ! ಆದರೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮೈಕು ಹಿಡಿದು, ಕಿಟಕಿಯ ಗಾಜು ನಡುಗುವಂತೆ, ಆಚೆ ದೇಶದ ಹೆಸರನ್ನು ಕೂಗಿ ಹೇಳಿದೆ. ಸಾಲದೆಂಬಂತೆ, "ಅಪ್ಪಟ ನಿವಾಸಿ!" ಎಂದೂ ಸೇರಿಸಿದೆ.

ಕಿಟಕಿಯಲ್ಲಿದ್ದ ಅಧಿಕಾರಿ ನಿಟ್ಟುಸಿರು ಬಿಟ್ಟರು. ಆ ಉಸಿರಿಗೆ ಹೊಟ್ಟೆ ಸಣ್ಣಗಾಗಿ ಹೊರಕ್ಕೆ ಜಾರಿದರು. "ಟೀಚರಮ್ಮಾ, ನಾನು ಕೇಳಿಸಿಕೊಳ್ಳಲಿಲ್ಲ ಅನ್ನಬಹುದಿತ್ತು. ಇವರು ಜಗತ್ತಿಗೇ ಸಾರಿಬಿಟ್ರಲ್ಲ! ಮುಂದಿನ ಸೋಮವಾರ ಬರ್ತೀನಿ. ತಟ್ಟೋಕೆ ಒಂದು ಬಾಗಿಲಿರ್ಲಿ."

ನನ್ನವಳು ಹೊರಗೆ ಹೋಗಿ, ಗೋಡೆಯಲ್ಲಿ ಬಾಗಿಲಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದಳು. ಆ ಬಾಗಿಲಿಗೆ 'ಮುಖ್ಯೋಪಾಧ್ಯಾಯಿನಿ' ಎಂಬ ಫಲಕ ಹಾಕಬೇಕೆಂದು ಅವಳು ಎಂದೋ ಬರೆಸಿ ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದು ನನಗೆ ಗೊತ್ತಿತ್ತು. ನನ್ನ ಜಂಬವೆಲ್ಲ ಪಿಸ್ಸೆಂದು ಇಳಿದುಹೋಯಿತು.

"ಲೇ... ಪೆಟ್ಟಿಗೇನ ಮಾರಿಬಿಡ್ತೀನಿ," ಎಂದೆ.

"ಯಾಕೆ ಮಾರ್ತೀರಿ? ಸಾಯೋ ತನಕ ಲೈಸೆನ್ಸಿದೆ, ದಂಡ ಮಾಡ್ಬೇಡಿ," ಎಂದವಳೇ ಸೀಮೆಸುಣ್ಣ ತಂದು ನೆಲದ ಮೇಲೆ ನಕ್ಷೆ ಬಿಡಿಸಿದಳು. ಭೂಗೋಳದ ಟೀಚರ್ ಅಲ್ಲವೇ! "ಇದು ನಡುಮನೆ. ತಲೆಬಾಗಿಲು ವಾಪಸ್ ಇಲ್ಲಿಗೆ ಬರತ್ತೆ. ಅಡುಗೆಮನೆಗೆ ಹಿಂದಿನ ಬಾಗಿಲೇ ಇರಲ್ಲ, ಮತ್ತೆ ಯಾರೂ ಅದನ್ನ ತಲೆಬಾಗಿಲು ಮಾಡದ ಹಾಗೆ ಪೂರ್ತಿ ಗೋಡೆ. ಇದು ಬಟ್ಟೆ ಒಗೆಯೋ ಕೋಣೆ. ಇದರ ಬಾಗಿಲು ಹಿತ್ತಲಿಗೆ, ಅಂದ್ರೆ ಆಚೆ ದೇಶಕ್ಕೆ. ಇದು ನಿಮ್ಮ ಮನೆ."

"ನನ್ನ ಮನೆ?"

"ನೀವು ಮೇಸ್ತ್ರಿನ ಹುಡುಕ್ತಾ ಅಲೀವಾಗಲೇ ನಿಮ್ಮ ಸ್ವೆಟರ್ ಮೇಡಂನ ಕೇಳ್ಕೊಂಡು ಬಂದೆ. ಬಾಗಿಲಿದೆ, ನೆಲ ಇದೆ, ಸಾಕಂತೆ. ಶಾಲೆ ನನಗಿರ್ಲಿ, ಆಕಾಶ ನಿಮಗಿರ್ಲಿ."

ಮೇಸ್ತ್ರಿಯನ್ನೂ ಅವಳೇ ಹಿಡಿದು ತಂದಳು. ಆತ ಅವಳ ಶಾಲೆಯಲ್ಲಿ ಓದಿ, ಅದನ್ನೂ ಅರ್ಧಕ್ಕೆ ಬಿಟ್ಟವನಂತೆ. ಟೀಚರ್ ಮುಖ ಕಂಡೊಡನೆ ಕೈಕಟ್ಟಿ ನಿಂತ. ತಲೆಬಾಗಿಲು ಸ್ವದೇಶಕ್ಕೆ ಮರಳಿತು. ನೀರಿನವರು ಕನೆಕ್ಷನ್ ಕೊಟ್ಟರು. ಅಧಿಕಾರಿ ಬಾಗಿಲು ತಟ್ಟಿ, ನೆಟ್ಟಗೆ ಒಳಗೆ ಬಂದು, ಆದೇಶ ಕೊಟ್ಟು ಹೋದರು. ಫಲಕ ಬಾಗಿಲಿಗೇರಿತು.

ಉಳಿದದ್ದು ಅಡುಗೆಮನೆಯ ಹಿಂದೆ ಬಾಗಿಲು ಕಿತ್ತ ಸಂದು. ಅದರಾಚೆ ಮೇಸ್ತ್ರಿ ಇಟ್ಟಿಗೆ ಜೋಡಿಸಿಕೊಂಡು ನಿಂತಿದ್ದ. ನಾನು ರೇಡಿಯೋ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಗಾಜು ಹಾಕಿಸಿದ ಲೈಸೆನ್ಸನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೆ.

"ಊಟಕ್ಕೆ?" ಎಂದೆ, ದೀನನಾಗಿ.

"ಮುಂದಿನ ಬಾಗಿಲಿಗೆ ಸುತ್ತಿಕೊಂಡು ಬನ್ನಿ, ಪಕ್ಕದ ದೇಶದ ನೆಂಟರ ಹಾಗೆ. ಊಟ ಆಗಿದೆಯೋ ಇಲ್ಲವೋ ಅಂತ ಗೋಡೆ ಕುಟ್ಟಿ ಹೇಳ್ತೀನಿ."

"ರೇಡಿಯೋದಲ್ಲೇ ಹೇಳ್ಬಹುದಲ್ಲ!"

"ನಾನಿರೋದು ಈಚೆ ದೇಶ. ನನಗೆಲ್ಲಿದೆ ಲೈಸೆನ್ಸು? ಎರಡು ಪರೀಕ್ಷೆ, ಪೊಲೀಸರು, ಕುಂಡದ ಸಸಿ ಛಾವಣಿ ಮುಟ್ಟೋ ತನಕ ಕಾಯೋದು! ನಾನು ಕಲಿತಿರೋದು ಒಂದೇ." ಅವಳು ಸೌಟು ತೆಗೆದುಕೊಂಡು ಗೋಡೆಗೆ ಕುಟ್ಟಿದಳು. ಟಕ್, ಟಕ್ಕ್—, ಟಕ್, ಟಕ್, ಟಕ್ಕ್—.

ಮೋರ್ಸ್! ಯಾವುದರಿಂದ ತಪ್ಪಿಸಿಕೊಳ್ಳಲು ನಾನು ಬಾಗಿಲನ್ನೇ ದೇಶಾಂತರ ಮಾಡಿದೆನೋ ಅದೇ ಮೋರ್ಸ್!

"ಊಟ ರೆಡಿ ಅಂತ ತಾನೆ?" ಎಂದೆ, ಆಸೆಯಿಂದ.

"ಅಲ್ಲ. ನಲ್ಲಿ ಸೋರ್ತಿದೆ ಅಂತ."

ತಲೆಯ ಮೇಲಿನ ಭೂಮಂಡಲವನ್ನು ಕೆಳಗಿಳಿಸಿದೆ. ಸ್ಪ್ಯಾನರ್ ಹಿಡಿದು, ನಲ್ಲಿ ಬಿಚ್ಚಿ, ಸವೆದ ವಾಷರ್ ತೆಗೆದು ಹೊಸದು ಹಾಕಿದೆ. ಚಹಾ ಆರುವಷ್ಟು ಹೊತ್ತಿನ ಕೆಲಸ. ಒಂದು ಹನಿಯೂ ಬೀಳಲಿಲ್ಲ. ಆಮೇಲೆ ಪೆಟ್ಟಿಗೆಯನ್ನು ಮತ್ತೆ ತಲೆಗೇರಿಸಿಕೊಂಡು, ಆ ಮನೆಯ ಯಜಮಾನನಾಗಿ ಕೊನೆಯ ಸಲ ಹಿತ್ತಲಿಗೆ ಇಳಿದೆ.

"ಸ್ವಲ್ಪ ಸರೀರಿ ಅಣ್ಣಾ," ಎಂದು ಅರೆಬರೆ ಮೇಸ್ತ್ರಿ ನನ್ನ ಹಿಂದೆ ಮೊದಲ ಇಟ್ಟಿಗೆ ಇಟ್ಟ. "ಈ ಕೆಲಸ ಮಾತ್ರ ಅರ್ಧಕ್ಕೆ ಬಿಡಬೇಡ ಅಂದಿದಾರೆ ಅಕ್ಕ."