ಹುತ್ತಕ್ಕಿಳಿದ ಹುಡುಗಿ ಮತ್ತು ನಾನು

ಕಥೆ ಹೇಳುವುದೇನು ಮಹಾ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಎಡವಟ್ಟು ಅಲ್ಲಿಂದಲೇ ಶುರು.

ವಿಜಯವಾಡದ ಪಟಮಟದಲ್ಲಿ ನಮ್ಮ ಎದುರು ಮನೆ ಸೂರ್ಯಂ ಮಾಸ್ತರರದು. ನಿವೃತ್ತರಾದ ಮೇಲೆ ಅವರು ಮಹಡಿಯ ಕೋಣೆಯಲ್ಲಿ ಒಂದು ಸಾಹಿತ್ಯ ಸಂಘ ನಡೆಸುತ್ತಾರೆ. ಲೋಕದ ಪುರಾಣಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು, ಯಾವ ದೇಶದ ಪ್ರಳಯ ಯಾವ ದೇಶದ ಪ್ರಳಯವನ್ನು ಹೋಲುತ್ತದೆ ಎಂದು ನೋಡುವುದು ಸಂಘದ ಕೆಲಸ. ತಿಂಗಳಿಗೊಂದು ಭಾನುವಾರ ಸಭೆ. ಸದಸ್ಯರು ಹನ್ನೊಂದು ಜನ. ಉಪ್ಪಿಟ್ಟು ಬರುವ ಹೊತ್ತಿಗೆ ಹದಿನೈದು. ನಾನು ಹೋಗುತ್ತಿದ್ದದ್ದು ದೇವರ ಕಥೆ ಕಿವಿಗೆ ಬಿದ್ದರೆ ಪುಣ್ಯವೆಂದು. ಯಾವ ದೇಶದ ದೇವರಾದರೇನು!

ಒಂದು ದಿನ ಮಾಸ್ತರರು ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ಗದಗಿನ ಕಡೆಯವರು. ಯಾವ ಪುಸ್ತಕದಲ್ಲೂ ಇಲ್ಲದ ಕಥೆ ನಿಮ್ಮ ಮನೆಯಲ್ಲಿ ಒಂದಾದರೂ ಇರಬೇಕಲ್ಲ? ಮುಂದಿನ ಸಭೆಯಲ್ಲಿ ಹೇಳಿ."

"ಇದೆ ಮಾಸ್ತರೇ, ನಮ್ಮಜ್ಜಿಯದು!" ಎಂದೆ, ಎದೆಯುಬ್ಬಿಸಿ.

ಇತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಅಜ್ಜಿ ಬೋಗುಣಿ ತುಂಬ ಮೊಸರನ್ನ ಕಲಸಿಕೊಂಡು ಕೂರುತ್ತಿದ್ದಳು. ಸುತ್ತಲೂ ನಾನು, ಅಕ್ಕ, ಚಿಕ್ಕಪ್ಪನ ಮಕ್ಕಳು, ಅಂಗೈ ಚಾಚಿಕೊಂಡು. ಒಂದು ಸುತ್ತು ಕೈತುತ್ತು, ಒಂದು ಚೂರು ಕಥೆ. ನಾಗರಾಜ ಅಣ್ಣನನ್ನು ಪಾತಾಳಕ್ಕೆ ಒಯ್ದ. ತಂಗಿ ದೀಪ ಹಿಡಿದು ಹುತ್ತದೊಳಗೆ ಇಳಿದಳು. ಏಳು ಬಾಗಿಲು ದಾಟಿದಳು. ಅಣ್ಣನ ಕೈ ಹಿಡಿದು ಹೊರಟಳು...

"ಆಮೇಲೆ?" ಎಂದರು ನಮ್ಮವರು, ಮನೆಯಲ್ಲಿ ನಾನು ಹೇಳಿ ರೂಢಿ ಮಾಡಿಕೊಳ್ಳುವಾಗ. ಅವರು ತೆಲುಗಿನವರು. ಮದುವೆಯಾದ ಮೇಲೆ ನನ್ನ ಕನ್ನಡ ಕಲಿತಿದ್ದಾರೆ, ತಕರಾರು ತೆಗೆಯಲು ಸಾಕಾಗುವಷ್ಟು.

"ಹೇಳೂ ಹೊತ್ತಿಗೆ ತಾನ ನಾಲಿಗಿ ಮ್ಯಾಲ ಬರ್ತದ್ರಿ."

"ಬರಲಿಲ್ಲ ಅಂದ್ರ?"

"ಬೆಟ್ಟದ ಮ್ಯಾಲ ದುರ್ಗಮ್ಮ ಅದಾಳ!"

ಆ ಭಾನುವಾರ ದುರ್ಗಮ್ಮನಿಗೆ ಭಕ್ತರ ನೂಕುನುಗ್ಗಲು ಜಾಸ್ತಿಯಿತ್ತೋ ಏನೋ. ತಂಗಿ ಅಣ್ಣನ ಕೈ ಹಿಡಿದದ್ದೇ ತಡ, ನನ್ನ ತಲೆಯೊಳಗೆ ಕತ್ತಲೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಬಾಯಿಂದ ಹೊರಬಿತ್ತು: "ಹುತ್ತದ ಬಾಯಿಗೆ ಬಂದಾಗ ದೀಪ ಆರಿತು. ತಂಗಿ ಬಿಳಿ ಹಕ್ಕಿಯಾಗಿ ಹಾರಿಹೋದಳು."

ಆ ಬಿಳಿ ಹಕ್ಕಿ ನಮ್ಮಜ್ಜಿಯದಲ್ಲ. ಹಿಂದಿನ ತಿಂಗಳು ಮಾಸ್ತರರೇ ಹೇಳಿದ್ದ ಯಾವುದೋ ಹಿಮದ ದೇಶದ ಕಥೆಯದು!

ಮಾಸ್ತರರು ಥಟ್ಟನೆ ಎದ್ದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ಅದ್ಭುತಂ! ಹೋದ ತಿಂಗಳು ನಾನು ಹೇಳಲಿಲ್ಲವೇ? ಅಲ್ಲೂ ಬಿಳಿ ಹಕ್ಕಿ, ಇಲ್ಲೂ ಬಿಳಿ ಹಕ್ಕಿ! ಆ ಹಿಮವೆಲ್ಲಿ, ಗದಗವೆಲ್ಲಿ!"

ತಮ್ಮ ಮಾತನ್ನು ಸಭೆಯಲ್ಲಿ ಒಬ್ಬರಾದರೂ ಕೇಳಿಸಿಕೊಂಡಿರಬಹುದೆಂಬ ಅನುಮಾನ ಅವರಿಗೆ ಬರಲೇ ಇಲ್ಲ. ಪಾಪ, ಅವರ ಅನುಭವ ಹಾಗಿತ್ತು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಉಪ್ಪಿಟ್ಟು ಬಂತು, ಹೊಗಳಿಕೆಯೂ ಬಂತು. ಎರಡನ್ನೂ ಬೇಡವೆನ್ನುವ ಅಭ್ಯಾಸ ನನಗಿಲ್ಲ. ಮಾಸ್ತರರು ಹದಿನೆಂಟು ಪುಟದ ಪ್ರಬಂಧ ಬರೆದರು. ವಿಶಾಖಪಟ್ಟಣದ ಸಭೆಯಲ್ಲಿ ಅವರು ಓದುವುದೆಂದೂ, ಕಥೆಯನ್ನು ಸಾಕ್ಷಾತ್ ನಾನೇ ಹೇಳುವುದೆಂದೂ ತೀರ್ಮಾನವಾಯಿತು!

ಅಂದಿನಿಂದ ದೇವರ ಮುಂದೆ ದೀಪ ಹಚ್ಚಲು ಕೂತರೆ ಅಜ್ಜಿಯೇ ನೆನಪಾಗುತ್ತಿದ್ದಳು. ಅವಳ ಕೈಬಳೆಯ ಸದ್ದು ನೆನಪಿದೆ. ತುತ್ತಿನ ನಡುವೆ ಬೆರಳಿನಿಂದ ಒತ್ತುತ್ತಿದ್ದ ಕುಳಿ, ಅದರಲ್ಲಿ ನಿಲ್ಲುತ್ತಿದ್ದ ಮಾವಿನಕಾಯಿ ಉಪ್ಪಿನಕಾಯಿಯ ರಸ ನೆನಪಿದೆ. ಕೊನೆ ಮಾತ್ರ ಇಲ್ಲ. ಆ ಹುಡುಗಿ ಮೇಲೆ ಬಂದಳೋ ಇಲ್ಲವೋ? ಅಕ್ಕನನ್ನು ಕೇಳಬಹುದಿತ್ತು. ಆದರೆ ಅಜ್ಜಿಯ ಕಥೆ ಮರೆತೆ ಎಂದರೆ ಅವಳು ಸುಮ್ಮನೆ ಬಿಡುವವಳಲ್ಲ.

ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಅದೊಂದು ದಯೆ. ರೈಲು ತಡವಾಯಿತು, ಅದು ಇನ್ನೂ ದೊಡ್ಡ ದಯೆ. ಆದರೂ ವಿಶಾಖಪಟ್ಟಣ ಬಂದೇ ಬಿಟ್ಟಿತು! ಸಭಾಂಗಣದ ಹೊರಗೆ ಸಮುದ್ರದ ಗಾಳಿ. ಒಳಗೆ ಮಾಸ್ತರರು ಹೊಸ ಶಾಲು ಹೊದ್ದು, ಮದುವೆ ಮನೆಯವರಂತೆ ಓಡಾಡುತ್ತಿದ್ದರು. ಆ ಮುಖ ನೋಡಿ ತಡೆಯಲಾಗಲಿಲ್ಲ. ಮೆಟ್ಟಿಲ ಬಳಿ ನಿಂತು ಗದಗಿಗೆ ಫೋನ್ ಮಾಡಿದೆ.

"ಅಕ್ಕಾ, ಅಜ್ಜಿ ಹುತ್ತದ ಕತಿ ಹೇಳ್ತಿದ್ಲಲ್ಲ, ಕಡೀಗೆ ಏನಾತು?"

"ಕಡೀಗೆ ಏನಾಗ್ತದ? ಅನ್ನ ಮುಗೀತು."

"ಅದಲ್ಲ ಮಾರಾಯ್ತಿ, ಕತಿ!"

"ಅದನ್ನ ಹೇಳಾಕತ್ತೇನಿ! ಬೋಗುಣಿ ಖಾಲಿ ಆಗೂತನಾ ಕತಿ. ಆಮ್ಯಾಲ ಅಜ್ಜಿ ಕೈ ತೊಳಕೊಳ್ಳಾಕ ಏಳ್ತಿದ್ಲು."

"ಮರುದಿನ ಮುಂದಿಂದು ಹೇಳ್ತಿದ್ದಿಲ್ಲೇನು?"

"ಎಲ್ಲೀದು? 'ಮೊದಲಿಂದ ಹೇಳು' ಅಂತ ನೀನ ಹಟಾ ಮಾಡ್ತಿದ್ದಿ. ಸರದಿ ಇಲ್ಲದನ ಕೈ ಚಾಚಿ ಎರಡೆರಡು ತುತ್ತು ನುಂಗತಿದ್ದಾಕೀನೂ ನೀನ! ನಾವೆಲ್ಲ ಬೈತಿದ್ವಿ, ನೆನಪಿಲ್ಲೇನ ನಿನಗ?"

ಫೋನ್ ಇಟ್ಟು ಒಳಗೆ ಹೋದೆ. ಮೈಕಿನ ಮುಂದೆ ನಿಂತು, ನನ್ನ ಹರಕು ತೆಲುಗಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಬಿಳಿ ಹಕ್ಕಿ ಮಾಸ್ತರರದೆಂದು ಹೇಳಿದೆ. ಬೋಗುಣಿಯನ್ನೂ ಬಿಡಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು.

ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: "ಹಾಗಾದರೆ ಅಮ್ಮಾ, ಆ ಹುಡುಗಿ ಈಗ ಎಲ್ಲಿದ್ದಾಳೆ?"

"ಇನ್ನೂ ಒಳಗೇ ಇದ್ದಾಳೆ," ಎಂದೆ. "ಅಣ್ಣನ ಕೈ ಹಿಡಿದುಕೊಂಡು." ಮೈಕು ಬಿಟ್ಟು ಕೆಳಗಿಳಿದೆ. ಒಂದು ಲೋಟ ನೀರು ತಂದುಕೊಟ್ಟವರು ಮಾಸ್ತರರೇ. ಹದಿನೆಂಟು ಪುಟ ಅವರ ಕಂಕುಳಲ್ಲಿತ್ತು.

"ಹೋಗಲಿ ಬಿಡಿ ಅಮ್ಮಾ," ಎಂದರು ಮೆಲ್ಲಗೆ. "ನಾನು ಹೇಳಿದ್ದನ್ನು ಒಬ್ಬರಾದರೂ ಕೇಳಿಸಿಕೊಂಡಿದ್ದರಲ್ಲ!"

ವಿಜಯವಾಡಕ್ಕೆ ಮರಳಿದ ಮರುದಿನ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದೆ. ದೊಡ್ಡ ಬೋಗುಣಿಯಲ್ಲಿ ಮೊಸರನ್ನ ಕಲಸಿ, ಒಂದೊಂದೇ ತುತ್ತು ನಿಧಾನವಾಗಿ ತಿನ್ನುತ್ತ, ಏಳನೆಯ ಬಾಗಿಲ ತನಕ ಕಥೆಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅಲ್ಲಿಂದಾಚೆಗೆ ಅಜ್ಜಿಯ ದನಿ ಬರಲಿಲ್ಲ.

ಅನ್ನ ಮಾತ್ರ ಅಷ್ಟೂ ಮುಗಿದಿತ್ತು!